ಆರ್‌ವಿಯಲ್ಲಿ ಆರು ದಿನ ಅಲಬಾಮಾ: ರಾಕೆಟ್ಟಿನಿಂದ ಸೆಲ್ಮಾ ಸೇತುವೆವರೆಗೆ

ಅಮೆರಿಕದ ಅಲಬಾಮಾ ರಾಜ್ಯದ ಮಾಂಟ್‌ಗಮರಿಯಲ್ಲಿ, ಗುಂಪು ಹಿಂಸೆಗೆ ಬಲಿಯಾದ ಕಪ್ಪು ಜನರ ಸ್ಮಾರಕ ನೋಡಿ ಬಂದ ಸಂಜೆ ನಮ್ಮ ಆರ್‌ವಿಯೊಳಗೆ (ಒಲೆ, ಹಾಸಿಗೆ ಎಲ್ಲ ಇರುವ ಮನೆಯಂಥ ಗಾಡಿ) ಯಾರೂ ಮಾತಾಡಲಿಲ್ಲ. ಊರಿಂದ ಬಂದಿದ್ದ ಅಪ್ಪ ಬಾಗಿಲ ಮೆಟ್ಟಿಲ ಮೇಲೆ ಕೂತು ನದಿ ಕಡೆ ನೋಡುತ್ತಿದ್ದರು. ಹೆಂಡತಿ ಟೀಗೆ ನೀರಿಟ್ಟಳು. ಹನ್ನೆರಡು ವರ್ಷದ ಮಗಳು ಪುಟ್ಟ ಊಟದ ಟೇಬಲ್ಲಿಗೆ ತಲೆ ಆನಿಸಿದ್ದಳು. ಅರ್ಧ ಗಂಟೆ ಆದಮೇಲೆ ಅವಳೇ ಕೇಳಿದಳು: "ಕೆಲವು ಕಡೆ ಹೆಸರೇ ಇರಲಿಲ್ವಲ್ಲಪ್ಪ. ಅವರನ್ನ ಮನೇಲಿ ಯಾರೂ ಹುಡುಕಲಿಲ್ವಾ?" ಆ ಒಂದು ಪ್ರಶ್ನೆ ಹಿಡಿದುಕೊಂಡು ರಾತ್ರಿ ಹತ್ತರವರೆಗೆ ಕೂತು ಮಾತಾಡಿದೆವು.

ಹೋಟೆಲಿನಲ್ಲಿ ಇಳಿದಿದ್ದರೆ ಆ ಮಾತು ಬರುತ್ತಿರಲಿಲ್ಲ. ಊಟಕ್ಕೆ ಎಲ್ಲಿ ಹೋಗೋಣ ಎಂದು ಫೋನ್ ತೆಗೆದಿರುತ್ತಿದ್ದೆವು, ರೂಮಿಗೆ ಬಂದ ಕೂಡಲೇ ಟಿವಿ ಹಾಕಿರುತ್ತಿದ್ದೆವು. ಅಲಬಾಮಾಕ್ಕೆ ಆರ್‌ವಿಯಲ್ಲಿ ಹೋಗಿ ಎಂದು ನಾನು ಎಲ್ಲರಿಗೂ ಹೇಳುವುದು ಇದಕ್ಕೇ. ದುಡ್ಡು ಉಳಿಯುತ್ತದೆ ಅಂತಲ್ಲ. ಬಾಡಿಗೆ, ಪೆಟ್ರೋಲು, ರಾತ್ರಿ ಗಾಡಿ ನಿಲ್ಲಿಸುವ ಕ್ಯಾಂಪ್‌ಗ್ರೌಂಡ್ ಎಲ್ಲ ಸೇರಿದರೆ ಲೆಕ್ಕ ಹೆಚ್ಚುಕಡಿಮೆ ಹೋಟೆಲಿನಷ್ಟೇ ಆಗುತ್ತದೆ. ಆದರೆ ಈ ರಾಜ್ಯದ ಮ್ಯೂಸಿಯಂಗಳನ್ನು ನೋಡಿದ ಮೇಲೆ ಸುಮ್ನೆ ಕೂರಲು ಒಂದು ಸ್ವಂತ ಜಾಗ ಬೇಕು. ಆ ಟೇಬಲ್ಲು ನಿಮ್ಮ ಜೊತೆಗೇ ಬರುತ್ತದೆ.

ನಮ್ಮ ದಾರಿ ಹೀಗಿತ್ತು: ಅಟ್ಲಾಂಟಾದಲ್ಲಿ ಗಾಡಿ ತೆಗೆದುಕೊಂಡು ಹಂಟ್ಸ್‌ವಿಲ್, ಅಲ್ಲಿಂದ ಬರ್ಮಿಂಗ್‌ಹ್ಯಾಮ್, ಸೆಲ್ಮಾ, ಮಾಂಟ್‌ಗಮರಿ, ಟಸ್ಕೀಗಿ, ಮತ್ತೆ ಅಟ್ಲಾಂಟಾ. ಸುಮಾರು 600 ಮೈಲಿಯ ಸುತ್ತು, ಐದು ರಾತ್ರಿ. ಅಟ್ಲಾಂಟಾಕ್ಕೆ ಎಲ್ಲ ಕಡೆಯಿಂದ ವಿಮಾನ ಸಿಗುತ್ತದೆ, ಬಾಡಿಗೆ ಗಾಡಿಗಳೂ ಜಾಸ್ತಿ ಇರುತ್ತವೆ.

ಮೊದಲು ವಾರ ನೋಡಿ, ಆಮೇಲೆ ರಜೆ ಹಾಕಿ

ತುಂಬ ಜನ ಎಡವುವುದು ಇಲ್ಲೇ. ನಾವು ಮೊದಲ ಸಲ ಹೋದಾಗ ಮಂಗಳವಾರ ಮಾಂಟ್‌ಗಮರಿ ತಲುಪಿ, ಮುಚ್ಚಿದ ಬಾಗಿಲು ನೋಡಿ ವಾಪಸ್ ಬಂದಿದ್ದೆವು. ಅಲ್ಲಿನ ಲೆಗಸಿ ಮ್ಯೂಸಿಯಂ ತೆರೆದಿರುವುದು ಬುಧವಾರದಿಂದ ಭಾನುವಾರದವರೆಗೆ. ಬರ್ಮಿಂಗ್‌ಹ್ಯಾಮಿನ ಮ್ಯೂಸಿಯಂಗಳಿಗೆ ಭಾನುವಾರ, ಸೋಮವಾರ ನೆಚ್ಚಿಕೊಳ್ಳಬೇಡಿ. ಟಸ್ಕೀಗಿಗೂ ಭಾನುವಾರ ಬೇಡ. ಇವನ್ನೆಲ್ಲ ಒಂದು ಕಾಗದದ ಮೇಲೆ ಬರೆದರೆ ಒಂದೇ ದಾರಿ ಉಳಿಯುತ್ತದೆ: ಸೋಮವಾರ ಹೊರಡುವುದು, ಶನಿವಾರ ವಾಪಸ್ ಬರುವುದು. ಹೊರಡುವ ವಾರ ಪ್ರತಿ ಮ್ಯೂಸಿಯಂನ ವೆಬ್‌ಸೈಟ್ ಇನ್ನೊಂದು ಸಲ ನೋಡಿಬಿಡಿ, ಸಮಯ ಬದಲಾಗುತ್ತಿರುತ್ತದೆ.

ತಿಂಗಳ ಮಾತಿಗೆ ಬಂದರೆ, ನನ್ನ ಓಟು ಅಕ್ಟೋಬರಿಗೆ. ಜುಲೈ, ಆಗಸ್ಟಿನ ಸೆಖೆಯಲ್ಲಿ ಗಾಡಿಯ ಎಸಿ ಸೋತುಹೋಗುತ್ತದೆ. ಮಾರ್ಚ್‌ನಿಂದ ಮೇ ಹವೆ ಚೆನ್ನ, ಆದರೆ ಸುಂಟರಗಾಳಿಯ ಕಾಲ. 2011ರ ಏಪ್ರಿಲ್ 27ರಂದು ಒಂದೇ ದಿನ ಈ ರಾಜ್ಯದಲ್ಲಿ 62 ಸುಂಟರಗಾಳಿ ಎದ್ದಿದ್ದವು. ವಸಂತದಲ್ಲೇ ಹೋಗುವುದಾದರೆ ಒಂದು ಕೆಲಸ ತಪ್ಪದೆ ಮಾಡಿ. ಪ್ರತಿ ರಾತ್ರಿ ನೀವು ಇರುವ ಕೌಂಟಿಯ (ನಮ್ಮ ಜಿಲ್ಲೆಯಂಥದ್ದು) ಹೆಸರನ್ನು ಚೀಟಿಯಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿ. ರೇಡಿಯೋದಲ್ಲಿ ಎಚ್ಚರಿಕೆ ಬರುವುದು ಕೌಂಟಿ ಹೆಸರಲ್ಲಿ. ಹಂಟ್ಸ್‌ವಿಲ್ ಇರುವುದು ಮ್ಯಾಡಿಸನ್ ಕೌಂಟಿಯಲ್ಲಿ ಎಂದು ಗೊತ್ತಿಲ್ಲದವರಿಗೆ "ಮ್ಯಾಡಿಸನ್" ಎಂದು ಎಷ್ಟು ಸಲ ಕೂಗಿದರೂ ಎಚ್ಚರವಾಗುವುದಿಲ್ಲ, ಅಲ್ವಾ? ಎಚ್ಚರಿಕೆ ಬಂದರೆ ಆರ್‌ವಿಯೊಳಗೆ ಕೂರಲೇಬಾರದು. ಗಾಳಿಗೆ ಅದು ಡಬ್ಬಿಯಂತೆ ಉರುಳುತ್ತದೆ. ಕ್ಯಾಂಪ್‌ಗ್ರೌಂಡಿನವರನ್ನು ಒಳಗೆ ಹೋಗುವಾಗಲೇ "ಸುಂಟರಗಾಳಿ ಬಂದರೆ ಎಲ್ಲಿಗೆ ಓಡಬೇಕು" ಎಂದು ಕೇಳಿಕೊಳ್ಳಿ. ಸಾಮಾನ್ಯವಾಗಿ ಸ್ನಾನದ ಮನೆಯ ಕಟ್ಟಡ ತೋರಿಸುತ್ತಾರೆ.

ಗಾಡಿ ತೆಗೆದುಕೊಳ್ಳುವಾಗ

ನಾಲ್ಕು ಜನಕ್ಕೆ 25 ಅಡಿಯ ಕ್ಲಾಸ್ ಸಿ ಸಾಕು. ಡ್ರೈವರ್ ಸೀಟಿನ ಮೇಲೆ ಮೂಗಿನಂತೆ ಮುಂದೆ ಚಾಚಿದ ಹಾಸಿಗೆ ಇರುತ್ತದಲ್ಲ, ಅದೇ ಕ್ಲಾಸ್ ಸಿ. ಸಾಮಾನ್ಯ ಕಾರ್ ಲೈಸೆನ್ಸ್ ನಡೆಯುತ್ತದೆ. ಬಾಡಿಗೆಯನ್ನು ದಿನದ ಲೆಕ್ಕದಲ್ಲಿ ಹೇಳಿದರೂ ಮೈಲಿಗೆ ಇಷ್ಟು, ಜನರೇಟರ್ ಓಡಿಸಿದ ಗಂಟೆಗೆ ಇಷ್ಟು, ಪಾತ್ರೆ-ಹಾಸಿಗೆಗೆ ಇಷ್ಟು ಎಂದು ಬೇರೆ ಸೇರುತ್ತದೆ. ಒಟ್ಟು ಮೊತ್ತ ಎಷ್ಟು ಎಂದು ಬರಹದಲ್ಲಿ ಕೇಳಿ. ಪೆಟ್ರೋಲು ಗ್ಯಾಲನ್ನಿಗೆ 8ರಿಂದ 10 ಮೈಲಿ ಎಂದು ಹಿಡಿಯಿರಿ. 600 ಮೈಲಿಗೆ 60ರಿಂದ 75 ಗ್ಯಾಲನ್.

ಗಾಡಿ ಕೊಡುವವರು ಇಪ್ಪತ್ತು ನಿಮಿಷದಲ್ಲಿ ಎಲ್ಲ ತೋರಿಸಿ ಮುಗಿಸುತ್ತಾರೆ. ಆ ಇಪ್ಪತ್ತು ನಿಮಿಷ ಪೂರ್ತಿ ವಿಡಿಯೋ ಮಾಡಿಕೊಳ್ಳಿ. ನಮಗೆ ಕೊಟ್ಟ ಗಾಡಿಯ ಹಿಂಭಾಗದಲ್ಲಿ ಮೊದಲೇ ಒಂದು ಗೀರು ಇತ್ತು. ವಾಪಸ್ ಕೊಡುವಾಗ ಅದನ್ನು ನಮ್ಮ ತಲೆಗೆ ಕಟ್ಟಲು ನೋಡಿದರು. ವಿಡಿಯೋ ತೋರಿಸಿದ ಮೇಲೆ ಮಾತು ನಿಂತಿತು.

ಓಡಿಸಲು ಕಲಿಯಬೇಕಾದ್ದು ಎರಡೇ. ಒಂದು, ಎತ್ತರ. ಈ ಗಾಡಿಗಳು 11ರಿಂದ 12 ಅಡಿಗೂ ಮೇಲೆ ಇರುತ್ತವೆ. ನಿಮ್ಮ ಗಾಡಿಯ ಎತ್ತರವನ್ನು ಸ್ಟಿಯರಿಂಗ್ ಎದುರಿಗೆ ಅಂಟಿಸಿಕೊಳ್ಳಿ, ಡ್ರೈವ್-ಥ್ರೂ ಆಸೆ ಬಿಡಿ. ಎರಡು, ಬಾಲ. ಹಿಂದಿನ ಚಕ್ರದಿಂದಾಚೆ ಆರೇಳು ಅಡಿ ಗಾಡಿ ಚಾಚಿಕೊಂಡಿರುತ್ತದೆ. ನೀವು ಬಲಕ್ಕೆ ತಿರುಗಿಸಿದರೆ ಆ ಬಾಲ ಎಡಕ್ಕೆ ಬೀಸುತ್ತದೆ. ಪೆಟ್ರೋಲ್ ಬಂಕಿನ ಹಳದಿ ಕಂಬಗಳಿಗೆ ತಾಗುವುದು ಹೀಗೇ. ಬಂಕಿನಿಂದ ಹೊರಡುವಾಗ ಮೊದಲು ನೇರ ಮುಂದೆ ಬನ್ನಿ, ಪೂರ್ತಿ ಹೊರಗೆ ಬಂದಮೇಲೆ ತಿರುಗಿಸಿ. ಖಾಲಿ ಪಾರ್ಕಿಂಗ್ ಜಾಗದಲ್ಲಿ ಅರ್ಧ ಗಂಟೆ ಅಭ್ಯಾಸ ಮಾಡಿದರೆ ಕೈ ಕೂರುತ್ತದೆ. ಪೆಟ್ರೋಲ್ ಹಾಕಿಸುವ ಮೊದಲು ಗ್ಯಾಸಿನ ವಾಲ್ವ್ ಮುಚ್ಚಿ. ಗಾಡಿ ಓಡುವಾಗ ಎಲ್ಲರೂ ಬೆಲ್ಟ್ ಹಾಕಿ ಸೀಟಿನಲ್ಲೇ ಇರಬೇಕು. ಹಿಂದೆ ಹಾಸಿಗೆ ಇದೆ ಎಂದು ಮಕ್ಕಳನ್ನು ಮಲಗಿಸಬೇಡಿ.

ಕರೆಂಟು, ನೀರು, ಕೊಳಚೆ

ಹೊಸಬರಿಗೆ ಭಯ ಇರುವುದು ಇದರದ್ದೇ. ಒಂದು ಸಲ ಮಾಡಿದರೆ ಭಯ ಹೋಗುತ್ತದೆ.

ಕ್ಯಾಂಪ್‌ಗ್ರೌಂಡಿನ ಕಂಬದಲ್ಲಿ 30 ಆಂಪ್ಸ್ ಮತ್ತು 50 ಆಂಪ್ಸ್ ಎರಡು ಬಗೆಯ ಪ್ಲಗ್ ಇರುತ್ತವೆ. ಬಾಡಿಗೆಯ ಕ್ಲಾಸ್ ಸಿ ಹೆಚ್ಚಿನವು 30ರವು. ಮೊದಲು ಕಂಬದ ಬ್ರೇಕರ್ ಆರಿಸಿ, ಪ್ಲಗ್ ಹಾಕಿ, ಆಮೇಲೆ ಹಚ್ಚಿ. 30 ಆಂಪ್ಸ್ ಎಂದರೆ 3600 ವಾಟ್. ಎಸಿ ಒಂದೇ ಸುಮಾರು 1500 ತಿನ್ನುತ್ತದೆ. ಅದರ ಜೊತೆ ಮೈಕ್ರೋವೇವ್, ಅದರ ಮೇಲೆ ಎಲೆಕ್ಟ್ರಿಕ್ ಕೆಟಲ್ ಹಾಕಿದರೆ ಬ್ರೇಕರ್ ಬಿದ್ದೇ ಬೀಳುತ್ತದೆ. ಟೀಗೆ ಗ್ಯಾಸ್ ಒಲೆ ಬಳಸಿ.

ನೀರಿಗೆ ಬಿಳಿ ಪೈಪು. ಅದು ಕುಡಿಯುವ ನೀರಿನದ್ದು, ಬೇರೆ ಯಾವುದಕ್ಕೂ ಮುಟ್ಟಿಸಬೇಡಿ. ನಲ್ಲಿಗೂ ಪೈಪಿಗೂ ನಡುವೆ ಒತ್ತಡ ಇಳಿಸುವ ರೆಗ್ಯುಲೇಟರ್ ಹಾಕಿ. ಬಿಸಿ ನೀರಿನ ಟ್ಯಾಂಕು ಸಣ್ಣದು, ಒಬ್ಬರ ಸ್ನಾನ ಮುಗಿದ ಮೇಲೆ ಸ್ವಲ್ಪ ಹೊತ್ತು ಕಾಯಬೇಕು.

ಕೊಳಚೆಗೆ ಎರಡು ಟ್ಯಾಂಕು. ಕಪ್ಪು ಟ್ಯಾಂಕು ಟಾಯ್ಲೆಟ್ಟಿನದ್ದು, ಬೂದು ಟ್ಯಾಂಕು ಸ್ನಾನ ಮತ್ತು ಸಿಂಕಿನದ್ದು. ಡಂಪ್ ಸ್ಟೇಷನ್ನಿನಲ್ಲಿ ಕೈಗವಸು ಹಾಕಿ, ದಪ್ಪ ಪೈಪನ್ನು ಗಾಡಿಗೆ ತಿರುಗಿಸಿ ಲಾಕ್ ಮಾಡಿ, ಇನ್ನೊಂದು ತುದಿಯನ್ನು ನೆಲದ ತೂತಿನೊಳಗೆ ಇಳಿಸಿ. ಮೊದಲು ಕಪ್ಪು ಬಿಡಿ. ಪೂರ್ತಿ ಖಾಲಿಯಾದ ಮೇಲೆ ಬೂದು ಬಿಡಿ. ಸೋಪಿನ ನೀರು ಪೈಪನ್ನು ತಾನೇ ತೊಳೆದುಕೊಡುತ್ತದೆ. ಕ್ಯಾಂಪ್‌ಗ್ರೌಂಡಿನಲ್ಲಿ ಪೈಪು ಸಿಕ್ಕಿಸಿಯೇ ಇಟ್ಟಿದ್ದರೂ ಕಪ್ಪು ಟ್ಯಾಂಕಿನ ವಾಲ್ವನ್ನು ದಿನವಿಡೀ ತೆರೆದಿಡಬೇಡಿ. ನೀರು ಹರಿದುಹೋಗಿ ಗಟ್ಟಿ ಮಾತ್ರ ಒಳಗೆ ಉಳಿಯುತ್ತದೆ. ತುಂಬಿದ ಮೇಲೆ ಒಂದೇ ಸಲ ಬಿಡಬೇಕು.

ಅಡುಗೆ ಬಗ್ಗೆ ಒಂದೇ ಮಾತು. ಒಗ್ಗರಣೆ ಹಾಕುವ ಮೊದಲು ಚಾವಣಿ ಫ್ಯಾನ್ ಹಚ್ಚಿ, ಕಿಟಕಿ ತೆರೆಯಿರಿ. ಸಾಸಿವೆ ಸಿಡಿಯುವಷ್ಟರಲ್ಲಿ ಹೊಗೆ ಅಲಾರಂ ಕೂಗಿಕೊಳ್ಳುತ್ತದೆ. ಅಲಾರಂನ ಬ್ಯಾಟರಿ ಮಾತ್ರ ಯಾವತ್ತೂ ತೆಗೆಯಬೇಡಿ, ಗ್ಯಾಸ್ ಮತ್ತು ಕಾರ್ಬನ್ ಮಾನಾಕ್ಸೈಡ್ ಇರುವ ಸಣ್ಣ ಜಾಗ ಅದು.

ಎಲ್ಲಿ ಉಳಿಯುವುದು

ಮೂರು ಜಾಗ ಸಾಕು. ಮೊದಲ ರಾತ್ರಿ ಹಂಟ್ಸ್‌ವಿಲ್ಲಿನ ಸ್ಪೇಸ್ ಅಂಡ್ ರಾಕೆಟ್ ಸೆಂಟರ್ ಆವರಣದಲ್ಲಿರುವ ಕ್ಯಾಂಪ್‌ಗ್ರೌಂಡ್. ಬೆಟ್ಟ, ಮರ ಬೇಕು ಎನ್ನುವವರಿಗೆ ಹತ್ತಿರದಲ್ಲೇ ಮಾಂಟೆ ಸಾನೋ ಸ್ಟೇಟ್ ಪಾರ್ಕ್ ಇದೆ. ಎರಡನೇ ಮತ್ತು ಮೂರನೇ ರಾತ್ರಿ ಬರ್ಮಿಂಗ್‌ಹ್ಯಾಮಿನ ದಕ್ಷಿಣಕ್ಕೆ ಓಕ್ ಮೌಂಟನ್ ಸ್ಟೇಟ್ ಪಾರ್ಕ್. ಅದು ಶೆಲ್ಬಿ ಕೌಂಟಿ. ಕೊನೆಯ ಎರಡು ರಾತ್ರಿ ಮಾಂಟ್‌ಗಮರಿಯ ಪಶ್ಚಿಮಕ್ಕೆ ಅಲಬಾಮಾ ನದಿಯ ದಡದ ಗಂಟರ್ ಹಿಲ್. ಅದನ್ನು ನೋಡಿಕೊಳ್ಳುವುದು ಸೇನೆಯ ಕೋರ್ ಆಫ್ ಎಂಜಿನಿಯರ್ಸ್. ಬುಕ್ ಮಾಡುವುದು ರಿಕ್ರಿಯೇಷನ್ ಡಾಟ್ ಗವ್‌ನಲ್ಲಿ. 62 ವರ್ಷ ತುಂಬಿದ ಅಮೆರಿಕನ್ ಪ್ರಜೆಗಳಿಗೆ, ಗ್ರೀನ್ ಕಾರ್ಡ್ ಇರುವವರಿಗೆ ಸೀನಿಯರ್ ಪಾಸ್ ಇದ್ದರೆ ಇಲ್ಲಿ ಅರ್ಧ ದರ. ವಿಸಿಟರ್ ವೀಸಾದಲ್ಲಿ ಬಂದ ಅಪ್ಪ ಅಮ್ಮನಿಗೆ ಆ ಪಾಸ್ ಸಿಗುವುದಿಲ್ಲ.

ಸೋಮವಾರ, ಮಂಗಳವಾರ: ಹಂಟ್ಸ್‌ವಿಲ್

ಅಟ್ಲಾಂಟಾದಿಂದ ಆರ್‌ವಿ ವೇಗದಲ್ಲಿ ಸುಮಾರು ನಾಲ್ಕು ಗಂಟೆ. ಅಲಬಾಮಾ ಗಡಿ ದಾಟಿದ ಕೂಡಲೇ ಗಡಿಯಾರ ಒಂದು ಗಂಟೆ ಹಿಂದೆ ಹೋಗುತ್ತದೆ. ಊರು ಹತ್ತಿರವಾದಂತೆ ಹೆದ್ದಾರಿಯಿಂದಲೇ ಚಂದ್ರನಿಗೆ ಮನುಷ್ಯರನ್ನು ಕಳಿಸಿದ ಸ್ಯಾಟರ್ನ್ 5 ರಾಕೆಟ್ ಕಾಣುತ್ತದೆ, 363 ಅಡಿ. ನಿಂತಿರುವುದು ಪ್ರತಿಕೃತಿ. ಅಸಲಿ ಒಳಗೆ ಮಲಗಿದೆ. ಜಗತ್ತಿನಲ್ಲಿ ಉಳಿದಿರುವ ಮೂರು ಸ್ಯಾಟರ್ನ್ 5ಗಳಲ್ಲಿ ಅದೂ ಒಂದು. ಅದು ಹಾರಿದ್ದಲ್ಲ, ಹಾರುವ ರಾಕೆಟ್ಟುಗಳು ಅದುರಿದರೆ ಏನಾಗುತ್ತದೆ ಎಂದು ನೆಲದಲ್ಲೇ ಪರೀಕ್ಷೆ ಮಾಡಲು ಕಟ್ಟಿದ್ದು. ಬಾಲದ ಕಡೆ ಹೋಗಿ ಐದು ಎಂಜಿನ್‌ಗಳ ಬಾಯಿ ಕೆಳಗೆ ನಿಲ್ಲಿ. ಒಂದೊಂದರೊಳಗೆ ನಾವು ನಾಲ್ಕೂ ಜನ ನಿಲ್ಲಬಹುದಿತ್ತು. ಅಪೊಲೊ 16ರಲ್ಲಿ ಚಂದ್ರನ ಬಳಿ ಹೋಗಿ ಬಂದ ಕ್ಯಾಪ್ಸೂಲೂ ಇದೇ ಹಾಲಿನಲ್ಲಿದೆ. ಅದರ ಅಡಿ ಸುಟ್ಟಿರುವುದನ್ನು ಹತ್ತಿರದಿಂದ ನೋಡಿ.

ಈ ರಾಕೆಟ್ಟಿನ ಕಥೆಯ ಇನ್ನೊಂದು ಮುಖವನ್ನೂ ಮಕ್ಕಳಿಗೆ ಹೇಳಿ. ಇದನ್ನು ಕಟ್ಟಿದ ತಂಡದ ಮುಖ್ಯಸ್ಥ, 1950ರಲ್ಲಿ ಹಂಟ್ಸ್‌ವಿಲ್ಲಿಗೆ ಬಂದ ವೆರ್ನರ್ ಫಾನ್ ಬ್ರೌನ್ ಅದಕ್ಕೂ ಮೊದಲು ಹಿಟ್ಲರನ ಜರ್ಮನಿಗೆ ವಿ-2 ಎಂಬ ಯುದ್ಧದ ರಾಕೆಟ್ ಕಟ್ಟಿದವರು. ಆ ವಿ-2ಗಳನ್ನು ಜೋಡಿಸಿದ್ದು ಮಿಟ್ಟೆಲ್‌ಬೌ-ಡೋರಾ ಶಿಬಿರದ ಕೈದಿಗಳು, ಸಾವಿರಾರು ಜನ ಅಲ್ಲಿ ಸತ್ತರು. ಚಂದ್ರನ ಮೇಲೆ ಕಾಲಿಟ್ಟ ಸಂಭ್ರಮಕ್ಕೆ ಇದು ಅಡ್ಡಿಯಲ್ಲ. ಆದರೆ ಎರಡನ್ನೂ ಒಟ್ಟಿಗೆ ತಿಳಿದುಕೊಂಡು ಮುಂದಿನ ಊರಿಗೆ ಹೋದರೆ ಈ ರಾಜ್ಯ ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ.

ಹೊರಗೆ ಬಂದಾಗ ಒಂದು ಸಣ್ಣ ಸಮಾಧಿ ತಪ್ಪಿಸಬೇಡಿ. ಮಿಸ್ ಬೇಕರ್ ಎಂಬ ಪುಟ್ಟ ಕೋತಿಯದು. 1959ರ ಮೇ ತಿಂಗಳಲ್ಲಿ ಬಾಹ್ಯಾಕಾಶಕ್ಕೆ ಹೋಗಿ ಜೀವಂತ ವಾಪಸ್ ಬಂದಳು, 1984ರವರೆಗೆ ಬದುಕಿದಳು. ಕಲ್ಲಿನ ಮೇಲೆ ಜನ ಬಾಳೆಹಣ್ಣು ಇಟ್ಟು ಹೋಗುತ್ತಾರೆ. ನಾವು ಹೋದ ದಿನ ಎರಡಿದ್ದವು. ಮಗಳು ಗಾಡಿಗೆ ಓಡಿಹೋಗಿ ನಮ್ಮ ಬುಟ್ಟಿಯಿಂದ ಒಂದು ತಂದಿಟ್ಟಳು.

ಮಂಗಳವಾರ ಮಧ್ಯಾಹ್ನ ಎರಡಕ್ಕೆ ಹೊರಟರೆ ಸಂಜೆಯ ಬೆಳಕಿರುವಾಗಲೇ ಓಕ್ ಮೌಂಟನ್ ಸೇರಬಹುದು. ಕತ್ತಲಲ್ಲಿ ಗಾಡಿ ಹಿಂದಕ್ಕೆ ತೆಗೆದು ನಿಲ್ಲಿಸುವ ಗೋಜು ಬೇಡ.

ಬುಧವಾರ: ಬರ್ಮಿಂಗ್‌ಹ್ಯಾಮ್

ಪೇಟೆಯೊಳಗೆ 25 ಅಡಿಯ ಗಾಡಿ ನಿಲ್ಲಿಸುವುದು ಕಷ್ಟ. ಮೊದಲು ಸ್ಲಾಸ್ ಫರ್ನೆಸಸ್‌ಗೆ ಹೋಗಿ, ಅಲ್ಲಿ ಜಾಗ ಇದೆ. ಇಡೀ ದಿನ ನಿಲ್ಲಿಸಬಹುದೇ ಎಂದು ಕೇಳಿಯೇ ನಿಲ್ಲಿಸಿ. ಅಲ್ಲಿಂದ ಮ್ಯೂಸಿಯಂಗಳ ಕಡೆಗೆ ಟ್ಯಾಕ್ಸಿಯಲ್ಲಿ ಹತ್ತು ನಿಮಿಷವೂ ಬೇಡ.

ಸ್ಲಾಸ್ 1882ರಿಂದ 1971ರವರೆಗೆ ಕಬ್ಬಿಣ ಕರಗಿಸಿದ ಕಾರ್ಖಾನೆ. ತುಕ್ಕು ಹಿಡಿದ ಪೈಪುಗಳ ಕೆಳಗೆ ಓಡಾಡಿದರೆ ಈ ಊರು ಯಾಕೆ ಹುಟ್ಟಿತು ಎಂದು ತಾನೇ ತಿಳಿಯುತ್ತದೆ. ಕಬ್ಬಿಣದ ಅದಿರು, ಕಲ್ಲಿದ್ದಲು, ಸುಣ್ಣದ ಕಲ್ಲು ಮೂರೂ ಒಂದೇ ಕಡೆ ಸಿಕ್ಕಿದ್ದರಿಂದ 1871ರಲ್ಲಿ ಊರು ಎದ್ದಿತು. ಗುಡ್ಡದ ಮೇಲೆ ನಿಂತಿರುವ 56 ಅಡಿಯ ವಲ್ಕನ್ ಪ್ರತಿಮೆಯೂ ಅದೇ ಕಬ್ಬಿಣದ್ದು. 1904ರ ಸೇಂಟ್ ಲೂಯಿಸ್ ಮೇಳಕ್ಕೆ ಎರಕ ಹೊಯ್ದದ್ದು. ಸಮಯ ಇಲ್ಲದಿದ್ದರೆ ಅದನ್ನು ದೂರದಿಂದ ನೋಡಿದರೂ ಆಯ್ತು.

ಮಧ್ಯಾಹ್ನ ಪೂರ್ತಿ ಒಂದೇ ಚೌಕಕ್ಕೆ ಇಡಿ. 16ನೇ ಬೀದಿಯ ಬ್ಯಾಪ್ಟಿಸ್ಟ್ ಚರ್ಚು, ಎದುರಿಗೆ ಕಪ್ಪು ಜನರ ಹಕ್ಕಿನ ಹೋರಾಟದ ಕಥೆ ಹೇಳುವ ಸಿವಿಲ್ ರೈಟ್ಸ್ ಇನ್‌ಸ್ಟಿಟ್ಯೂಟ್, ಮೂಲೆಯಲ್ಲಿ ಕೆಲ್ಲಿ ಇಂಗ್ರಾಮ್ ಪಾರ್ಕ್. 1963ರ ಸೆಪ್ಟೆಂಬರ್ 15, ಭಾನುವಾರ ಬೆಳಿಗ್ಗೆ 10:22ಕ್ಕೆ ಈ ಚರ್ಚಿನಲ್ಲಿ ಬಾಂಬ್ ಸಿಡಿದು ನಾಲ್ಕು ಕಪ್ಪು ಹುಡುಗಿಯರು ಸತ್ತರು. ಅವರ ಹೆಸರು ಆಡಿ ಮೇ ಕಾಲಿನ್ಸ್, ಸಿಂಥಿಯಾ ವೆಸ್ಲಿ, ಕರೋಲ್ ರಾಬರ್ಟ್‌ಸನ್, ಡೆನಿಸ್ ಮೆಕ್‌ನೇರ್. ಮೂವರಿಗೆ 14, ಡೆನಿಸ್‌ಗೆ 11. ಆಮೇಲೆ ವೇಲ್ಸ್ ದೇಶದ ಜನ ಚಂದಾ ಎತ್ತಿ ಚರ್ಚಿಗೆ ಒಂದು ಬಣ್ಣದ ಗಾಜಿನ ಕಿಟಕಿ ಮಾಡಿಸಿ ಕಳಿಸಿದರು. ಅದು ಇವತ್ತೂ ಅಲ್ಲಿದೆ.

ಇನ್‌ಸ್ಟಿಟ್ಯೂಟಿನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಇದ್ದ ಜೈಲು ಕೋಣೆಯ ಬಾಗಿಲನ್ನು ಇಟ್ಟಿದ್ದಾರೆ. ಬರ್ಮಿಂಗ್‌ಹ್ಯಾಮ್ ಜೈಲಿನಿಂದ ಅವರ ಪ್ರಸಿದ್ಧ ಪತ್ರ ಹೊರಟಿದ್ದು 1963ರ ಏಪ್ರಿಲ್‌ನಲ್ಲಿ. ಪಾರ್ಕಿನಲ್ಲಿ ಒಂದು ಕಾಲುದಾರಿಯ ಎರಡೂ ಬದಿಯಿಂದ ಲೋಹದ ನಾಯಿಗಳು ಮೈಮೇಲೆ ಹಾರುವಂತೆ ಚಾಚಿಕೊಂಡಿವೆ. ಹಕ್ಕು ಕೇಳಿ ಮೆರವಣಿಗೆ ಹೊರಟ ಮಕ್ಕಳ ಮೇಲೂ ಪೊಲೀಸರು ನಾಯಿ ಬಿಟ್ಟಿದ್ದರ ನೆನಪಿಗೆ. ಅವುಗಳ ನಡುವೆ ನಡೆದೇ ಹೋಗಬೇಕು. ಅಪ್ಪ ಮೊಮ್ಮಗಳ ಕೈ ಹಿಡಿದುಕೊಂಡರು.

ಗುರುವಾರ: ಸೆಲ್ಮಾದಿಂದ 54 ಮೈಲಿ

ಮ್ಯಾಪ್ ನಿಮ್ಮನ್ನು ನೇರ ಮಾಂಟ್‌ಗಮರಿಗೆ ಕಳಿಸಲು ನೋಡುತ್ತದೆ. ಕೇಳಬೇಡಿ. ಮೊದಲು ಸೆಲ್ಮಾಕ್ಕೆ ಹೋಗಿ, ಅಲ್ಲಿಂದ 80ನೇ ಹೆದ್ದಾರಿಯಲ್ಲಿ ಮಾಂಟ್‌ಗಮರಿಗೆ ಬನ್ನಿ. 1965ರಲ್ಲಿ ಜನ ನಡೆದದ್ದು ಈ ದಿಕ್ಕಿನಲ್ಲೇ.

ಗಾಡಿಯನ್ನು ಊರಿನ ಕಡೆ ನಿಲ್ಲಿಸಿ ಎಡ್ಮಂಡ್ ಪೆಟಸ್ ಸೇತುವೆಯನ್ನು ನಡೆದು ದಾಟಿ. ನಡೆಯಲೇಬೇಕು, ಕಾರಣ ಇದೆ. ಸೇತುವೆ ನಡುವೆ ಉಬ್ಬಿಕೊಂಡಿದೆ. ಊರಿನ ಕಡೆಯಿಂದ ಹತ್ತುವಾಗ ಆಚೆ ದಡ ಕಾಣುವುದಿಲ್ಲ, ಕಮಾನಿನ ಮೇಲೆ ಬರೆದ ಹೆಸರು ಮಾತ್ರ ಕಾಣುತ್ತದೆ. ಆ ಹೆಸರು, ಗುಲಾಮಗಿರಿ ಉಳಿಸಿಕೊಳ್ಳಲು ಯುದ್ಧಕ್ಕಿಳಿದ ಕಾನ್‌ಫೆಡರೇಟ್ ಪಕ್ಷದ ಒಬ್ಬ ಸೇನಾಪತಿಯದು. ನಡುಮಧ್ಯ ತಲುಪಿದಾಗ ಒಮ್ಮೆಲೇ ಇಳಿಜಾರು, ರಸ್ತೆ ಎಲ್ಲ ತೆರೆದುಕೊಳ್ಳುತ್ತದೆ. ಮಾರ್ಚ್ 7ರಂದು ಕಪ್ಪು ಜನರಿಗೆ ವೋಟಿನ ಹಕ್ಕು ಕೇಳಿ ಹೊರಟ ಸುಮಾರು 600 ಜನಕ್ಕೆ ಪೊಲೀಸರ ಸಾಲು ಕಂಡಿದ್ದು ಇದೇ ಜಾಗದಲ್ಲಿ. ಮುಂದೆ ಇದ್ದ ಜಾನ್ ಲೂಯಿಸ್‌ಗೆ ಆಗ 25 ವರ್ಷ. ಪೊಲೀಸರ ಹೊಡೆತಕ್ಕೆ ಅವರ ತಲೆಬುರುಡೆ ಬಿರುಕು ಬಿಟ್ಟಿತು. ಕಂಡ ಮೇಲೂ ಅವರು ಇಳಿದರಲ್ಲ, ಆ ನಡುಮಧ್ಯದಲ್ಲಿ ನಿಂತಾಗ ಆ ಧೈರ್ಯ ಎಷ್ಟು ದೊಡ್ಡದು ಎಂದು ಗೊತ್ತಾಗುತ್ತದೆ. ನಾವು ಅಲ್ಲಿ ಹತ್ತು ನಿಮಿಷ ನಿಂತಿದ್ದೆವು. ಕೆಳಗೆ ಕೆಸರು ಬಣ್ಣದ ನದಿ, ಪಕ್ಕದಲ್ಲಿ ಲಾರಿಗಳು. 1959ರಲ್ಲಿ ಕಿಂಗ್ ಭಾರತಕ್ಕೆ ಬಂದು ಒಂದು ತಿಂಗಳು ಓಡಾಡಿದ್ದನ್ನು ಅಪ್ಪ ಮಗಳಿಗೆ ಅಲ್ಲೇ ನಿಂತು ಹೇಳಿದರು.

ಅದೇ ತಿಂಗಳು 21ಕ್ಕೆ ಮತ್ತೆ ಹೊರಟ ಮೆರವಣಿಗೆ 25ಕ್ಕೆ ಮಾಂಟ್‌ಗಮರಿ ತಲುಪಿತು. ಆಗಸ್ಟ್ 6ಕ್ಕೆ ವೋಟಿನ ಹಕ್ಕಿನ ಕಾನೂನಿಗೆ ಸಹಿ ಬಿತ್ತು. ನೀವು ಒಂದು ಗಂಟೆಯಲ್ಲಿ ಓಡಿಸುವ ದಾರಿಯನ್ನು ಅವರು ಐದು ದಿನ ನಡೆದರು, ರಾತ್ರಿ ಹೊಲಗಳಲ್ಲಿ ಮಲಗಿದರು.

ಅರ್ಧ ದಾರಿಯಲ್ಲಿ ಲೌಂಡ್ಸ್ ಇಂಟರ್‌ಪ್ರಿಟಿವ್ ಸೆಂಟರ್ ಸಿಗುತ್ತದೆ. ಆರ್‌ವಿಗೆ ಜಾಗ ಇದೆ, ನ್ಯಾಷನಲ್ ಪಾರ್ಕ್ ಸರ್ವೀಸಿನವರದ್ದು, ಟಿಕೆಟ್ ಇಲ್ಲ. ಆಗ ಈ ಕೌಂಟಿಯಲ್ಲಿ ಹತ್ತರಲ್ಲಿ ಎಂಟು ಜನ ಕಪ್ಪು ಜನ. 1965 ಶುರುವಾದಾಗ ಅವರಲ್ಲಿ ಒಬ್ಬರ ಹೆಸರೂ ಮತದಾರರ ಪಟ್ಟಿಯಲ್ಲಿ ಇರಲಿಲ್ಲ. ಹೆಸರು ಬರೆಸಿದವರನ್ನು ಜಮೀನಿನ ಮಾಲೀಕರು ಮನೆಯಿಂದ ಹೊರಹಾಕಿದರು. ಆ ಸಂಸಾರಗಳು ಇದೇ ಜಾಗದಲ್ಲಿ ಡೇರೆ ಹಾಕಿಕೊಂಡು ಬದುಕಿದವು, ಕೆಲವರು ಎರಡು ವರ್ಷದವರೆಗೂ. ತುಂಬ ಪ್ರವಾಸಿಗರು ಇದನ್ನು ನೋಡದೆ ದಾಟಿಹೋಗುತ್ತಾರೆ. ಆರು ದಿನದಲ್ಲಿ ನನ್ನ ಮನಸ್ಸಿಗೆ ಅತಿ ಹತ್ತಿರವಾದ ಮ್ಯೂಸಿಯಂ ಇದು.

ಶುಕ್ರವಾರ: ಮಾಂಟ್‌ಗಮರಿ

ಗಾಡಿಯನ್ನು ಗಂಟರ್ ಹಿಲ್‌ನಲ್ಲೇ ಬಿಟ್ಟು ಟ್ಯಾಕ್ಸಿಯಲ್ಲಿ ಹೋಗಿ. ವಾಪಸ್ ಬರುವ ಗಾಡಿಗೂ ಬೆಳಿಗ್ಗೆಯೇ ಮಾತಾಡಿಕೊಳ್ಳಿ.

ಲೆಗಸಿ ಮ್ಯೂಸಿಯಂ, ನ್ಯಾಷನಲ್ ಮೆಮೋರಿಯಲ್ ಫಾರ್ ಪೀಸ್ ಅಂಡ್ ಜಸ್ಟಿಸ್, ನದಿ ದಡದ ಫ್ರೀಡಂ ಮಾನ್ಯುಮೆಂಟ್ ಸ್ಕಲ್ಪ್ಚರ್ ಪಾರ್ಕ್, ಮೂರಕ್ಕೂ ಸೇರಿ ಒಂದೇ ಟಿಕೆಟ್. ನಾವು ಹೋದಾಗ 5 ಡಾಲರ್ ಇತ್ತು. ಮೂರನ್ನೂ ಒಂದೇ ದಿನ ಮಾಡಲು ಹೋಗಬೇಡಿ. ಬೆಳಿಗ್ಗೆ ಮ್ಯೂಸಿಯಂ, ಮಧ್ಯಾಹ್ನ ಸ್ಮಾರಕ, ಅಷ್ಟೇ. ಮ್ಯೂಸಿಯಂ ನಿಂತಿರುವುದು ಗುಲಾಮರನ್ನು ದುಡಿಸುತ್ತಿದ್ದ ಹತ್ತಿ ಗೋದಾಮಿನ ಜಾಗದಲ್ಲಿ. ಒಳಗೆ ಫೋಟೋ ತೆಗೆಯುವಂತಿಲ್ಲ, ಅದು ಒಳ್ಳೆಯದೇ. ಒಂದು ಗೋಡೆಯ ತುಂಬ ಗಾಜಿನ ಜಾಡಿಗಳಿವೆ. ಕಪ್ಪು ಜನರನ್ನು ಗುಂಪು ಸೇರಿ ಕೊಂದ ಜಾಗಗಳಿಂದ ತಂದ ಮಣ್ಣು. ಕೆಂಪು, ಕಪ್ಪು, ಮರಳು ಬಣ್ಣ, ಒಂದೊಂದರ ಮೇಲೂ ಹೆಸರು ಮತ್ತು ದಿನ.

ಸ್ಮಾರಕದಲ್ಲಿ 800ಕ್ಕೂ ಹೆಚ್ಚು ತುಕ್ಕು ಬಣ್ಣದ ಉಕ್ಕಿನ ಕಂಬಗಳಿವೆ, ಕೌಂಟಿಗೊಂದು. ಶುರುವಿನಲ್ಲಿ ಅವು ನಿಮ್ಮ ಎದುರಿಗೆ, ಕಣ್ಣಿನ ಮಟ್ಟದಲ್ಲೇ ಇರುತ್ತವೆ, ಹೆಸರು ಓದಬಹುದು. ನಡೆಯುತ್ತ ಹೋದಂತೆ ನೆಲ ಇಳಿಯುತ್ತದೆ, ಕಂಬಗಳು ಇದ್ದಲ್ಲೇ ಇರುತ್ತವೆ. ಕೊನೆಗೆ ಅವು ತಲೆಯ ಮೇಲೆ ತೂಗುತ್ತಿರುತ್ತವೆ, ಕತ್ತೆತ್ತಿದರೂ ಹೆಸರು ಓದಲಾಗುವುದಿಲ್ಲ. ಕೆಲವು ಕಡೆ ಹೆಸರಿನ ಜಾಗದಲ್ಲಿ "ಗೊತ್ತಿಲ್ಲ" ಎಂದಷ್ಟೇ ಇದೆ. ಮಗಳು ಕೇಳಿದ್ದು ಅವರ ಬಗ್ಗೆ.

ಹತ್ತು ವರ್ಷದೊಳಗಿನ ಮಕ್ಕಳಿದ್ದರೆ ಇವೆರಡೂ ಬೇಡ. ದೊಡ್ಡವರಲ್ಲಿ ಒಬ್ಬರು ಅವರನ್ನು ರೋಸಾ ಪಾರ್ಕ್ಸ್ ಮ್ಯೂಸಿಯಂಗೆ ಕರೆದುಕೊಂಡು ಹೋಗಿ. 1955ರ ಡಿಸೆಂಬರ್ 1ರಂದು, ಬಿಳಿಯರಿಗೆ ಸೀಟು ಬಿಟ್ಟುಕೊಡದ ಪಾರ್ಕ್ಸ್ ಅವರನ್ನು ಬಸ್ಸಿನಿಂದ ಇಳಿಸಿ ಹಿಡಿದ ಜಾಗದಲ್ಲೇ ಅದಿದೆ. ಬಸ್ಸಿನ ಕಿಟಕಿಗಳಲ್ಲಿ ಆ ಸಂಜೆ ನಡೆದದ್ದನ್ನು ತೋರಿಸುತ್ತಾರೆ, ಮಕ್ಕಳಿಗೆ ಚೆನ್ನಾಗಿ ಹಿಡಿಸುತ್ತದೆ. ಆಮೇಲೆ 381 ದಿನ ಊರಿನ ಕಪ್ಪು ಜನ ಬಸ್ ಹತ್ತಲಿಲ್ಲ. ಅಲ್ಲಿಂದ ಸಿವಿಲ್ ರೈಟ್ಸ್ ಮೆಮೋರಿಯಲ್ ಹತ್ತಿರ. ಮಾಯಾ ಲಿನ್ 1989ರಲ್ಲಿ ಮಾಡಿದ ಕಪ್ಪು ಕಲ್ಲಿನ ದುಂಡು ಮೇಜು. ಮೇಲೆ ನೀರು ತೆಳುವಾಗಿ ಹರಿಯುತ್ತಿರುತ್ತದೆ. ಹೋರಾಟದಲ್ಲಿ ಸತ್ತವರ ಹೆಸರಿನ ಮೇಲೆ ಬೆರಳಿಟ್ಟರೆ ನೀರು ಬೆರಳನ್ನು ಬಳಸಿಕೊಂಡು ಹೋಗುತ್ತದೆ.

ಶಕ್ತಿ ಉಳಿದಿದ್ದರೆ ರಾಜ್ಯದ ಆರ್ಕೈವ್ಸ್ ಕಟ್ಟಡದಲ್ಲಿರುವ ಮ್ಯೂಸಿಯಂ ಆಫ್ ಅಲಬಾಮಾ ನೋಡಿ, ಉಚಿತ. 1819ರಲ್ಲಿ ಅಮೆರಿಕದ 22ನೇ ರಾಜ್ಯವಾಗುವುದಕ್ಕೂ ಮೊದಲಿನ ಮೂಲನಿವಾಸಿಗಳಿಂದ ಕಥೆ ಶುರುವಾಗುತ್ತದೆ. ಶಕ್ತಿ ಇಲ್ಲದಿದ್ದರೆ ಬಿಟ್ಟುಬಿಡಿ, ಗಾಡಿಗೆ ವಾಪಸ್ ಬನ್ನಿ. ಆ ಸಂಜೆಗೆ ಏನೂ ಇಟ್ಟುಕೊಳ್ಳಬೇಡಿ. ಅನ್ನ ಸಾರು ಮಾಡಿ, ಹೊರಗೆ ಕುರ್ಚಿ ಹಾಕಿ ಕೂರಿ. ಮಾತು ಬಂದರೆ ಬರಲಿ.

ಶನಿವಾರ: ಟಸ್ಕೀಗಿ, ಮತ್ತೆ ಅಟ್ಲಾಂಟಾ

ಬೆಳಿಗ್ಗೆ ಹೊರಡುವ ಮೊದಲು ಗಂಟರ್ ಹಿಲ್‌ನಲ್ಲೇ ಎರಡೂ ಟ್ಯಾಂಕು ಖಾಲಿ ಮಾಡಿ. ಅಟ್ಲಾಂಟಾ ಹತ್ತಿರ ಬಂದಮೇಲೆ ಡಂಪ್ ಸ್ಟೇಷನ್ ಹುಡುಕುವುದು ತಲೆನೋವು.

ಟಸ್ಕೀಗಿ ಸುಮಾರು 40 ಮೈಲಿ, 85ನೇ ಹೆದ್ದಾರಿಯಲ್ಲಿ ವಾಪಸ್ ದಾರಿಯಲ್ಲೇ ಸಿಗುತ್ತದೆ. ಬುಕರ್ ಟಿ. ವಾಷಿಂಗ್ಟನ್ 1881ರಲ್ಲಿ ಶುರು ಮಾಡಿದ ಶಾಲೆ ಇವತ್ತು ವಿಶ್ವವಿದ್ಯಾಲಯ. ಹಳೆಯ ಕಟ್ಟಡಗಳ ಇಟ್ಟಿಗೆಗಳನ್ನು ವಿದ್ಯಾರ್ಥಿಗಳೇ ಸುಟ್ಟು, ತಾವೇ ಗೋಡೆ ಕಟ್ಟಿದರು. ಹತ್ತಿರದಿಂದ ನೋಡಿದರೆ ಇಟ್ಟಿಗೆಗಳು ಒಂದರಂತೆ ಒಂದಿಲ್ಲ. ಅಪ್ಪ ಆ ಗೋಡೆಯನ್ನು ತುಂಬ ಹೊತ್ತು ಸವರುತ್ತ ನಿಂತಿದ್ದರು. ಗುಲಾಮರಾಗಿ ಹುಟ್ಟಿ ವಿಜ್ಞಾನಿಯಾದ ಜಾರ್ಜ್ ವಾಷಿಂಗ್ಟನ್ ಕಾರ್ವರ್ 1896ರಲ್ಲಿ ಇಲ್ಲಿಗೆ ಬಂದು ಸಾಯುವವರೆಗೂ ಪಾಠ ಹೇಳಿದರು. ಬಡ ರೈತರಿಗೆ ಹತ್ತಿಯ ಬದಲು ಕಡಲೆಕಾಯಿ, ಗೆಣಸು ಬೆಳೆಯಲು ಕಲಿಸಿದ್ದು ಅವರೇ. ಕೆಲವೇ ಮೈಲಿ ಆಚೆ ಮೋಟನ್ ಫೀಲ್ಡ್. ಎರಡನೇ ಮಹಾಯುದ್ಧದ ಕಪ್ಪು ಪೈಲಟ್‌ಗಳು ಹಾರಲು ಕಲಿತ ವಿಮಾನ ನಿಲ್ದಾಣ. ಹ್ಯಾಂಗರ್‌ಗಳೇ ಈಗ ಮ್ಯೂಸಿಯಂ, ಪಾರ್ಕಿಂಗ್ ಜಾಗವೂ ಧಾರಾಳ.

ಹನ್ನೊಂದೂವರೆಗೆ ಹೊರಟುಬಿಡಿ. ಅಟ್ಲಾಂಟಾ ಎರಡೂವರೆ ಗಂಟೆಯ ದಾರಿ, ಜಾರ್ಜಿಯಾ ಗಡಿಯಲ್ಲಿ ಗಡಿಯಾರ ಒಂದು ಗಂಟೆ ಮುಂದೆ ಓಡುತ್ತದೆ, ಪೆಟ್ರೋಲ್ ಹಾಕಿಸಲು ಇನ್ನರ್ಧ ಗಂಟೆ. ಶನಿವಾರ ಬಾಡಿಗೆ ಆಫೀಸು ಎಷ್ಟಕ್ಕೆ ಮುಚ್ಚುತ್ತದೆ ಎಂದು ಸೋಮವಾರವೇ ಕೇಳಿ ಬರೆದಿಟ್ಟುಕೊಂಡಿರಿ. ಕೀ ಕೊಡುವ ಮೊದಲು ಗಾಡಿಯ ನಾಲ್ಕೂ ಬದಿ, ಮೈಲಿ ಮೀಟರ್, ಪೆಟ್ರೋಲ್ ಮುಳ್ಳು ಮತ್ತು ಜನರೇಟರಿನ ಗಂಟೆ ತೋರಿಸುವ ಮೀಟರಿನ ಫೋಟೋ ತೆಗೆದುಕೊಳ್ಳಿ. ಮೇಲಿನ ಹಾಸಿಗೆಯ ಮೂಲೆಯಲ್ಲೂ ಒಂದು ಸಲ ಕೈ ಹಾಕಿ ನೋಡಿ, ಮಕ್ಕಳ ಪುಸ್ತಕಗಳು ಅಲ್ಲೇ ಉಳಿದಿರುತ್ತವೆ.